ಡಿಕ್ಕಿಯಲ್ಲಿ ಏನಿದೆ, ಯಾರಿಗಾಗಿ ಇದೆ?

ನೆಲಮಂಗಲ ದಾಟಿದ ಮೇಲೆ ಹೈವೇ ಪಕ್ಕದಲ್ಲಿ ಲಾರಿಗಳು ಸಾಲುಗಟ್ಟಿ ನಿಲ್ಲುವ ಒಂದು ವೇಬ್ರಿಡ್ಜ್ ಇದೆ. ಹೋದ ವರ್ಷ ಜುಲೈನಲ್ಲಿ ಒಂದು ಶನಿವಾರ ಬೆಳಗ್ಗೆ ಐದೂವರೆಗೆ ನಾವು ನಾಲ್ಕು ಜನ ಸ್ನೇಹಿತರು ನನ್ನ ಜಿಮ್ನಿಯನ್ನು ಅದರ ಮೇಲೆ ನಿಲ್ಲಿಸಿದ್ವಿ. ಸುಮ್ನೆ ತಮಾಷೆಗೆ. ಒಳಗಿದ್ದ ಹುಡುಗ ಚೀಟಿ ಹರಿದು ಕೊಟ್ಟ. 1,710 ಕೆ.ಜಿ. "ಏನ್ ಲೋಡ್ ಸಾರ್?" ಅಂದ. "ಲೋಡ್ ಇಲ್ಲಪ್ಪ, ಟ್ರಿಪ್ ಹೊರಟಿದೀವಿ" ಅಂದೆ. ಅವನು ಗಾಡಿಯ ತಲೆ ಮೇಲಿದ್ದ ಟೆಂಟ್ ಕಡೆ ಒಮ್ಮೆ ನೋಡಿ, ಮುಂದಿನ ಲಾರಿಗೆ ಕೈ ಮಾಡಿದ.

ಆ ಚೀಟಿ ಇನ್ನೂ ನನ್ನ ಗಾಡಿಯ ಗ್ಲವ್ ಬಾಕ್ಸಿನಲ್ಲಿದೆ. ಯಾಕೆ ಇಟ್ಕೊಂಡಿದೀನಿ ಅಂತ ಹೇಳೋಕೆ ಸ್ವಲ್ಪ ಲೆಕ್ಕ ಮಾಡಬೇಕು, ಬೇಜಾರಾಗಬೇಡಿ.

ಐದು ಬಾಗಿಲಿನ ಜಿಮ್ನಿಯ ಖಾಲಿ ತೂಕ ಮಾಡೆಲ್ ಮೇಲೆ ಹೋಗತ್ತೆ, 1,195ರಿಂದ 1,210 ಕೆ.ಜಿ. ನನ್ನದು 1,200. ಗಾಡಿ, ಜನ, ಸಾಮಾನು ಎಲ್ಲ ಸೇರಿ ಇರಬಹುದಾದ ಗರಿಷ್ಠ ತೂಕ 1,545. ಅಂದ್ರೆ ಕಂಪನಿಯವರು ನನಗೆ ಕೊಟ್ಟಿರುವ ಅವಕಾಶ 345 ಕೆ.ಜಿ. ನಾವು ನಾಲ್ಕು ಜನ ಸೇರಿ 290. ಉಳಿಯೋದು 55. ಆ 55 ಕೆ.ಜಿ. ಜಾಗದಲ್ಲಿ ನಾನು ಏನೇನು ತುಂಬಿದ್ದೆ ನೋಡಿ. ರೂಫ್ ರ‍್ಯಾಕ್ 28 ಕೆ.ಜಿ., ಅದರ ಮೇಲೆ ಮಡಚಿಡುವ ಟೆಂಟ್ 55. ಇಲ್ಲಿಗೇ ಲೆಕ್ಕ ಮುಗಿದುಹೋಯಿತು. ಆಮೇಲೆ ನೀರಿನ ಕ್ಯಾನ್ 22, ಹನ್ನೆರಡು ವೋಲ್ಟಿನ ಪುಟ್ಟ ಫ್ರಿಜ್ ಅದರೊಳಗಿನ ಸಾಮಾನು ಸೇರಿ 24, ಅಡುಗೆ ಪೆಟ್ಟಿಗೆ 14, ಕೆಸರಲ್ಲಿ ಚಕ್ರದಡಿ ಇಡುವ ಹಲಗೆಗಳು 7, ಗಾಳಿ ತುಂಬುವ ಕಂಪ್ರೆಸರ್ 5, ಟೂಲ್ ಬಾಕ್ಸ್ 12, ಮಡಚುವ ಕುರ್ಚಿ ಮೇಜು 15, ನಾಲ್ಕು ಜನರ ಬ್ಯಾಗು 32, ಕ್ಯಾಮೆರಾ ಡ್ರೋನ್ ಇತ್ಯಾದಿ 6. ಒಟ್ಟು 220. ಮಿತಿಗಿಂತ 165 ಕೆ.ಜಿ. ಹೆಚ್ಚು. ಸೀಟಿಲ್ಲದೆ ಇನ್ನಿಬ್ಬರನ್ನು ಕೂರಿಸಿಕೊಂಡು ಹೋದ ಹಾಗೆ.

ಹಾಸಿಗೆ ಇದ್ದಷ್ಟು ಕಾಲು ಚಾಚು ಅಂತ ಮನೇಲಿ ಹೇಳಿಸಿಕೊಂಡೇ ಬೆಳೆದವರು ನಾವು. ಆದ್ರೆ ಆ ಮಾತನ್ನ ದುಡ್ಡಿಗೆ ಮಾತ್ರ ಅನ್ವಯಿಸಿಕೊಂಡಿದೀವಿ. ಇಎಂಐ ಕಟ್ಟೋ ಶಕ್ತಿ ಇದೆ ಅಂದ್ರೆ ಹಾಸಿಗೆ ದೊಡ್ಡದಿದೆ ಅಂತಲೇ ಅರ್ಥ ಮಾಡಿಕೊಂಡುಬಿಡ್ತೀವಿ.

ಗಾಡಿ ತಗೊಂಡ ಮೊದಲ ವರ್ಷ ಪ್ರತಿ ತಿಂಗಳ ಸಂಬಳದಲ್ಲೂ ಏನಾದ್ರೂ ಒಂದು ಪಾರ್ಸೆಲ್ ಬರೋದು. ಯಾವುದನ್ನೂ ನಾನು ಶೋಕಿಗೆ ತಗೊಂಡೆ ಅಂತ ಅನಿಸ್ಲಿಲ್ಲ. ಪ್ರತಿಯೊಂದಕ್ಕೂ ಒಂದು ಕಾರಣ ಇತ್ತು, ಆ ಕಾರಣದ ಹೆಸರು "ಇರ್ಲಿ". ಕಾಡಲ್ಲಿ ರಾತ್ರಿ ಉಳಿಯಬೇಕಾದ್ರೆ? ಇರ್ಲಿ. ಟೈರ್ ಎರಡೆರಡು ಪಂಚರ್ ಆದ್ರೆ? ಇರ್ಲಿ. ಈ 'ಇರ್ಲಿ' ಕೇಳೋಕೆ ತುಂಬಾ ಜವಾಬ್ದಾರಿಯುತ ಮಾತು. ಮುಂದಾಲೋಚನೆ ಇರುವ ಮನುಷ್ಯನ ಮಾತು. ನಮ್ಮ ಅಜ್ಜಿಯೂ ಊರಿಗೆ ಹೊರಟರೆ ಬುತ್ತಿ, ನೀರು, ಒಂದು ಅಮೃತಾಂಜನ ಇಟ್ಕೊಳ್ತಿದ್ರು. ನಾನು ಮಾಡಿದ್ದೂ ಅದನ್ನೇ ಅಲ್ವಾ ಅಂತ ನನಗೆ ನಾನೇ ಹೇಳಿಕೊಂಡಿದ್ದೆ.

ಆ ಶನಿವಾರ ಮಧ್ಯಾಹ್ನದವರೆಗೆ ಹಾಗೇ ನಂಬಿದ್ದೆ.

*

ಹಾಸನ, ಬೇಲೂರು ದಾಟಿ ಮೂಡಿಗೆರೆಯಿಂದ ಕಳಸದ ಕಡೆ ಹೋಗ್ತಿದ್ವಿ. ಒಳ್ಳೆ ಮಳೆ. ಫೋನಿನ ಮ್ಯಾಪ್ ಎಡಕ್ಕೆ ಒಂದು ಸಣ್ಣ ದಾರಿ ತೋರಿಸಿತು. ಸ್ನೇಹಿತ ಅಂದ, "ಫೋರ್ ಬೈ ಫೋರ್ ಇಟ್ಕೊಂಡು ಟಾರ್ ರೋಡಲ್ಲೇ ಹೋಗ್ತೀಯಲ್ಲೋ, ನಾಚಿಕೆ ಆಗಲ್ವಾ?" ನನಗೂ ಅದೇ ಬೇಕಿತ್ತು. ತಿರುಗಿಸಿದೆ. ಕಾಫಿ ತೋಟದ ಅಂಚಲ್ಲಿ ಕಲ್ಲು ಹಾಸಿದ ದಾರಿ, ಆಮೇಲೆ ಮಣ್ಣಿನ ದಾರಿ, ಆಮೇಲೆ ಎರಡು ಗದ್ದೆಗಳ ನಡುವೆ ಟಿಲ್ಲರ್ ಓಡಾಡುವಷ್ಟು ಅಗಲದ ಹಾದಿ. ಅಲ್ಲಿ ಬಲಗಡೆಯ ಹಿಂದಿನ ಚಕ್ರ ಜಾರಿ ಗದ್ದೆಯ ಬದು ಕುಸಿಯಿತು. ಗಾಡಿ ಓರೆಯಾಗಿ ಕೂತುಬಿಡ್ತು.

ಫೋರ್ ಬೈ ಫೋರ್ ಅಂದ್ರೆ ಏನು ಅಂತ ಗೊತ್ತಿಲ್ಲದವರಿಗೆ ಒಂದು ಮಾತು. ಮಾಮೂಲಿ ಕಾರಿನಲ್ಲಿ ಎಂಜಿನ್ನಿನ ಶಕ್ತಿ ಎರಡು ಚಕ್ರಕ್ಕೆ ಹೋಗತ್ತೆ, ಇದರಲ್ಲಿ ಲಿವರ್ ಎಳೆದರೆ ನಾಲ್ಕಕ್ಕೂ ಹೋಗತ್ತೆ. 'ಲೋ' ಗೇರ್ ಹಾಕಿದ್ರೆ ನಿಧಾನವಾಗಿ, ಹೆಚ್ಚು ಬಲದಿಂದ ಎಳೆಯತ್ತೆ. ಅಷ್ಟೇ. ಬ್ರೇಕ್ ಹಾಕಿದಾಗ ಬೇಗ ನಿಲ್ಲೋ ಗುಣ ಅದರಿಂದ ಬರಲ್ಲ. ಬ್ರೇಕು ಎಲ್ಲ ಕಾರಿನಲ್ಲೂ ನಾಲ್ಕು ಚಕ್ರಕ್ಕೇ ಇರೋದು. ಮಿತಿಗಿಂತ 165 ಕೆ.ಜಿ. ಜಾಸ್ತಿ ಹೊತ್ತ, ಅದರಲ್ಲೂ 90 ಕೆ.ಜಿ. ತಲೆ ಮೇಲೆ ಹೊತ್ತ ಗಾಡಿ ಓರೆಯಾದಾಗ ಪಕ್ಕಕ್ಕೆ ವಾಲುವ ಭಾರ ಎಷ್ಟಿರತ್ತೆ ಅನ್ನೋದು ಒಳಗೆ ಕೂತವರಿಗೆ ಬೆನ್ನುಹುರಿಯಲ್ಲಿ ಗೊತ್ತಾಗತ್ತೆ. ನಾವು ನಾಲ್ಕೂ ಜನ ಎಡಗಡೆ ಬಾಗಿಲಿಂದ ಇಳಿದ್ವಿ.

ಸಾಮಾನು ಎಲ್ಲ ಇತ್ತು. ಹಲಗೆ ಇತ್ತು, ಆದ್ರೆ ಚಕ್ರದ ಕೆಳಗೆ ಇಡಬೇಕಾದ್ರೆ ಮೊದಲು ಅಗೆಯಬೇಕು, ಗುದ್ದಲಿ ಇರಲಿಲ್ಲ. ಕಂಪ್ರೆಸರ್ ಇತ್ತು, ಆದ್ರೆ ಮೊದಲೇ ಟೈರಿನ ಗಾಳಿ ಇಳಿಸಿಕೊಂಡು ಬರಬೇಕಿತ್ತು. ಕೆಸರಲ್ಲಿ ಗಾಳಿಯನ್ನು 18-20 ಪಿಎಸ್‌ಐಗೆ ಇಳಿಸಿದರೆ ಟೈರ್ ಅಗಲವಾಗಿ ಕೂತು ಹಿಡಿತ ಸಿಗತ್ತೆ, ವಾಪಸ್ ಟಾರ್ ರೋಡಿಗೆ ಬಂದ ಮೇಲೆ ತುಂಬಿಕೊಳ್ಳೋಕೆ ಅಂತಲೇ ಕಂಪ್ರೆಸರ್ ಇರೋದು. ಇದು ಗೊತ್ತಿದ್ದೂ ಸೋಮಾರಿತನ ಮಾಡಿದ್ದೆ. ಎಳೆಯುವ ಹಗ್ಗ ಇತ್ತು, ಪ್ಲಾಸ್ಟಿಕ್ ಕವರ್ ಕೂಡ ಬಿಚ್ಚಿರಲಿಲ್ಲ.

ಅರ್ಧ ಗಂಟೆ ಚಕ್ರ ತಿರುಗಿಸಿ ತಿರುಗಿಸಿ ಇನ್ನಷ್ಟು ಹೂತ ಮೇಲೆ, ಕಂಬಳಿಕೊಪ್ಪೆ ಹಾಕಿಕೊಂಡು ಅರವತ್ತು ದಾಟಿದ ಒಬ್ಬರು ಬಂದರು. ಗದ್ದೆ ಅವರದ್ದು. ಮೊದಲು ನಮ್ಮ ನಾಲ್ಕೂ ಜನರ ಮುಖ ನೋಡಿ "ಯಾರಿಗೂ ಏಟಾಗ್ಲಿಲ್ಲ ಅಲ್ದಾ?" ಅಂತ ಕೇಳಿದರು. ಆಮೇಲೆ ಬದು ನೋಡಿದರು. ಆಮೇಲೆ, "ಎಂತಕ್ಕೆ ಬಂದ್ರಿ ಮಾರಾಯ್ರೆ ಈ ಕಡೆ?" ಅಂದರು.

ಬೈದಿದ್ದರೆ ಸಲೀಸಾಗಿ ಉತ್ತರ ಕೊಡಬಹುದಿತ್ತು. ಅವರು ನಿಜವಾಗಿಯೂ ಕೇಳಿದ್ದು. ಯಾರ ಮನೆಗಾದ್ರೂ ಬಂದಿದ್ರಾ, ದಾರಿ ತಪ್ಪಿದ್ರಾ, ಅಂತ. ನಮ್ಮಲ್ಲಿ ಯಾರಿಗೂ ಉತ್ತರ ಬರಲಿಲ್ಲ. "ಸುಮ್ನೆ ಬಂದ್ವಿ" ಅಂದೆ. ಅವರು ತಲೆ ಆಡಿಸಿದರು.

ಅವರು ಯಾರಿಗೋ ಫೋನ್ ಮಾಡಿದರು. ಪಕ್ಕದ ತೋಟದಿಂದ ಒಂದು ಹಳೇ ಮಹೀಂದ್ರ ಜೀಪ್ ಬಂತು. ಟಾರ್ಪಾಲಿನ ಟಾಪು, ಒಂದು ಕಡೆ ಹೆಡ್‌ಲೈಟ್ ಇಲ್ಲ. ಹಿಂದೆ ಇದ್ದದ್ದು ಒಂದು ಗುದ್ದಲಿ, ಒಂದು ಕತ್ತಿ, ದಪ್ಪ ಹಗ್ಗ, ನಾಲ್ಕೈದು ಗೋಣಿಚೀಲ. ನನ್ನ ಸ್ನೇಹಿತ ಹುಮ್ಮಸ್ಸಿನಿಂದ ನಮ್ಮ ಹೊಸ ಹಗ್ಗ ತೆಗೆದು ಗಾಡಿಯ ಹಿಂದೆ ನಾನು ಕೂರಿಸಿದ್ದ ಟೋ ಬಾಲ್‌ಗೆ ಸಿಕ್ಕಿಸೋಕೆ ಹೋದ. ಜೀಪಿನ ಹುಡುಗ "ಅಣ್ಣ, ಅಲ್ಲಿಗೆ ಹಾಕ್ಬೇಡಿ" ಅಂತ ಕೂಗಿದ. ಆಮೇಲೆ ಓದಿಕೊಂಡೆ. ಹಿಗ್ಗುವ ಹಗ್ಗದ ಎಳೆತಕ್ಕೆ ಆ ಉಂಡೆ ಕಿತ್ತುಕೊಂಡರೆ ಕವಣೆಕಲ್ಲಿನ ಹಾಗೆ ಹಾರತ್ತೆ, ಬೇರೆ ಬೇರೆ ದೇಶಗಳಲ್ಲಿ ಅದರಿಂದ ಜನ ಸತ್ತಿದ್ದಾರೆ. ಎಳೆಯೋಕೆ ಅಂತಲೇ ಚಾಸಿಸ್ಸಿಗೆ ಸೇರಿಸಿದ ಕೊಕ್ಕೆಗೇ ಹಾಕಬೇಕು. ಹುಡುಗ ಕೊಕ್ಕೆ ಹುಡುಕಿ ಹಾಕಿದ, ಹಗ್ಗದ ನಡುವೆ ನೆನೆದ ಗೋಣಿಚೀಲ ಹೊದಿಸಿದ, ಹಗ್ಗ ತುಂಡಾದ್ರೆ ಹಾರದೆ ಕೆಳಗೆ ಬೀಳಲಿ ಅಂತ. ನಮ್ಮನ್ನೆಲ್ಲ ದೂರ ನಿಲ್ಲಿಸಿದ. ಹತ್ತು ನಿಮಿಷದಲ್ಲಿ ಗಾಡಿ ಮೇಲಿತ್ತು.

ಬದು ಮಾತ್ರ ಮೂರು ಮಾರು ಒಡೆದುಹೋಗಿತ್ತು. ಮೇಲಿನ ಗದ್ದೆಯ ನೀರು ಕೆಸರು ಸಮೇತ ಕೆಳಗಿನ ಸಸಿಮಡಿಗೆ ನುಗ್ತಾ ಇತ್ತು. ನಾಟಿಗೆ ಅಂತ ಬೆಳೆಸಿದ್ದ ಸಸಿ. ದುಡ್ಡು ಕೊಡೋಕೆ ಹೋದೆ. ಅವರು ತಗೊಳ್ಲಿಲ್ಲ. "ನೀವು ಹೊರಡಿ, ಕತ್ತಲಾಗತ್ತೆ" ಅಂದು ಗುದ್ದಲಿ ತಗೊಂಡು ಬದುವಿನ ಕಡೆ ತಿರುಗಿದರು. ನಾವು ಹೊರಟ್ವಿ. ಅದನ್ನ ಈಗಲೂ ನೆನೆಸಿಕೊಂಡರೆ ಮುಖ ಬಿಸಿಯಾಗತ್ತೆ. ನಾಲ್ಕು ಜನ ಗಟ್ಟಿಮುಟ್ಟು ಗಂಡಸರು, ಒಂದು ಗಂಟೆ ನಿಂತು ಮಣ್ಣು ಹೊರಬಹುದಿತ್ತು. ರೆಸಾರ್ಟ್ ಬುಕ್ ಆಗಿರಲಿಲ್ಲ, ಟೆಂಟು ನಮ್ಮ ತಲೆ ಮೇಲೇ ಇತ್ತು. ಎಲ್ಲೂ ಹೋಗೋ ಅವಸರ ಇರಲಿಲ್ಲ. ಆದ್ರೂ ಹೊರಟ್ವಿ.

*

ಈಗ ಆ ಪ್ರಶ್ನೆಗೆ ಬರ್ತೀನಿ. ಸಾಮಾನು ಜಾಸ್ತಿಯಾಗಿದ್ದೇ ತಪ್ಪಾ?

ನಮ್ಮಲ್ಲಿ ಅಪರಿಗ್ರಹ ಅಂತ ಒಂದು ದೊಡ್ಡ ವಿಚಾರ ಇದೆ. ಜೈನರ ಐದು ವ್ರತಗಳಲ್ಲಿ ಒಂದು, ಗಾಂಧಿ ತಮ್ಮ ಆಶ್ರಮದ ವ್ರತಗಳಲ್ಲೂ ಸೇರಿಸಿಕೊಂಡಿದ್ದರು. ಬೇಕಾದ್ದಕ್ಕಿಂತ ಹೆಚ್ಚು ಇಟ್ಟುಕೊಳ್ಳಬಾರದು. ಟ್ರಿಪ್ಪಿನಿಂದ ವಾಪಸ್ ಬಂದವನಿಗೆ ಮೊದಲು ಹೊಳೆದದ್ದು ಅದೇ. ಎಲ್ಲ ಮಾರಿಬಿಡಣ ಅಂತ ಒಂದು ರಾತ್ರಿ ಕೂತು ಫೋಟೋ ಕೂಡ ತೆಗೆದೆ.

ಆದ್ರೆ ಯೋಚನೆ ಮಾಡ್ತಾ ಹೋದಂಗೆ ಅದು ಪೂರ್ತಿ ಸರಿ ಅನಿಸ್ಲಿಲ್ಲ. ಬರಿಗೈಯಲ್ಲಿ ಹೋಗಿದ್ದರೆ ಏನಾಗ್ತಿತ್ತು? ಸ್ಟೆಪ್ನಿ ಇಲ್ಲದೆ, ಜಾಕ್ ಇಲ್ಲದೆ, ಬರೀ ಒಂದು ಚಿಪ್ಸ್ ಪ್ಯಾಕೆಟ್ ಇಟ್ಕೊಂಡು ಘಟ್ಟ ಹತ್ತುವವರನ್ನ ನಾವೆಲ್ಲ ನೋಡಿದೀವಿ. ಅವರ ಸರಳತೆಯ ಖರ್ಚನ್ನ ದಾರಿಯಲ್ಲಿ ಸಿಗುವ ಇನ್ಯಾರೋ ಭರಿಸ್ತಾರೆ. ಅವರ ಡಿಕ್ಕಿ ಖಾಲಿ ಇರಬಹುದು, ಆದ್ರೆ ಅವರ ಭಾರ ಊರಿನವರ ಮೇಲಿರತ್ತೆ. ಹಾಗಾಗಿ ಎಷ್ಟು ಸಾಮಾನು ಇದೆ ಅನ್ನೋದರಿಂದ ಈ ಪ್ರಶ್ನೆ ಬಗೆಹರಿಯಲ್ಲ.

ನನ್ನ ಡಿಕ್ಕಿಯಲ್ಲಿದ್ದದ್ದನ್ನೆಲ್ಲ ಹೊರಗೆ ಪಾರ್ಕಿಂಗ್‌ನಲ್ಲಿ ಹರಡಿ, ಒಂದೊಂದನ್ನೇ ಎತ್ತಿ ಕೇಳಿಕೊಂಡೆ. ಇದು ಬೇರೆಯವರ ಮೇಲೆ ಬೀಳುವ ನನ್ನ ಭಾರವನ್ನ ಕಡಿಮೆ ಮಾಡತ್ತಾ, ಇಲ್ಲ ನಾನು ಹೋಗಿ ಭಾರವಾಗಬಹುದಾದ ಜಾಗಗಳ ಪಟ್ಟಿಯನ್ನ ಉದ್ದ ಮಾಡತ್ತಾ?

ಕೇಳ್ತಾ ಹೋದಂಗೆ ಎರಡು ಗುಂಪಾದವು. ಫಸ್ಟ್ ಏಡ್ ಡಬ್ಬ, ಗಾಳಿ ಅಳೆಯುವ ಗೇಜು, ಕಂಪ್ರೆಸರ್, ಪಂಚರ್ ಕಿಟ್, ಕುಡಿಯೋ ನೀರು, ಕಸ ವಾಪಸ್ ತರೋ ಚೀಲ, ಟಾರ್ಚ್. ಇವು ಮೊದಲನೇ ಗುಂಪು. ಇವನ್ನ ಇಟ್ಕೊಂಡವನು ಎಲ್ಲೇ ಹೋದ್ರೂ ಸ್ವಲ್ಪ ಕಡಿಮೆ ತೊಂದರೆ ಕೊಡ್ತಾನೆ. ಬೇರೆಯವರಿಗೆ ಸಹಾಯನೂ ಮಾಡಬಲ್ಲ. ಎರಡನೇ ಗುಂಪಿನಲ್ಲಿ ಎತ್ತರ ಹೆಚ್ಚಿಸೋ ಸ್ಪ್ರಿಂಗು, ನೀರಲ್ಲಿ ಇಳಿಯೋಕೆ ಸ್ನಾರ್ಕೆಲ್, ತಲೆ ಮೇಲಿನ ಲೈಟ್ ಬಾರ್, ವಿಂಚ್. ಇವುಗಳಲ್ಲಿ ಕೆಲವನ್ನ ತಗೊಂಡಿದ್ದೆ, ಕೆಲವು ಕಾರ್ಟ್‌ನಲ್ಲಿದ್ದವು. ಇವು ಸಾಮಾನ್ಯ ಗಾಡಿ ಎಲ್ಲಿ ನಿಲ್ಲತ್ತೋ ಅಲ್ಲಿಂದ ಮುಂದಕ್ಕೆ ಕರ್ಕೊಂಡು ಹೋಗೋ ಸಾಮಾನು.

ಕೆಲವು ಸಾಮಾನು ಇನ್ನೂ ಒಂದು ಹೆಜ್ಜೆ ಮುಂದೆ. ಬುಲ್ ಬಾರ್ ತಗೊಳ್ಳಿ. ನಾನೂ ವಿಚಾರಿಸಿದ್ದೆ. ಗುದ್ದಿದಾಗ ನನ್ನ ಬಂಪರ್ ಉಳಿಯತ್ತೆ. ಹೇಗೆ ಉಳಿಯತ್ತೆ? ಏಟನ್ನ ಎದುರಿಗಿರೋ ಪಾದಚಾರಿಗೋ ಬೈಕಿನವನಿಗೋ ದಾಟಿಸಿ. ಒಳಗೆ ಕೂತವರಿಗೂ ಒಳ್ಳೇದಲ್ಲ, ನಜ್ಜಾಗಿ ಏಟು ನುಂಗಬೇಕಾದ ಮುಂಭಾಗ ಕೆಲಸ ಮಾಡಲ್ಲ, ಏರ್‌ಬ್ಯಾಗಿನ ಸೆನ್ಸರ್ ಲೆಕ್ಕ ತಪ್ಪಬಹುದು. ಇದಕ್ಕೇ ಕೇಂದ್ರ ಸಾರಿಗೆ ಸಚಿವಾಲಯ 2017ರ ಡಿಸೆಂಬರ್‌ನಲ್ಲಿ ಅದರ ವಿರುದ್ಧ ಕ್ರಮ ತಗೊಳ್ಳಿ ಅಂತ ರಾಜ್ಯಗಳಿಗೆ ಬರೆದದ್ದು. 1988ರ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಕೂಡ ಕಂಪನಿಯ ಮೂಲ ವಿನ್ಯಾಸವನ್ನ ಮನಸ್ಸಿಗೆ ಬಂದಂತೆ ಬದಲಿಸಬಾರದು ಅನ್ನತ್ತೆ, 2019ರಲ್ಲಿ ಸುಪ್ರೀಂ ಕೋರ್ಟ್ ಅದನ್ನೇ ಎತ್ತಿಹಿಡಿಯಿತು. ನಮ್ಮ ಗ್ರೂಪುಗಳಲ್ಲಿ ಈ ಕಾನೂನಿನ ಬಗ್ಗೆ ಬರೀ ಬೈಗುಳ. ಬೈಗುಳದಲ್ಲಿ ಸ್ವಲ್ಪ ನ್ಯಾಯನೂ ಇದೆ, ಅದಕ್ಕೆ ಬರ್ತೀನಿ. ಆದ್ರೆ ಕಾನೂನು ಬಿಟ್ಟುಬಿಡಿ. ನನ್ನ ಏಟನ್ನ ಇನ್ನೊಬ್ಬನ ಮೈಗೆ ಕಳಿಸೋ ಒಂದು ಉಪಕರಣವನ್ನ 'ಸೇಫ್ಟಿ' ಅನ್ನೋ ಹೆಸರಲ್ಲಿ ತಗೊಳ್ಳೋದು ಹೇಗೆ ಸರಿಯಾಗತ್ತೆ?

*

ಈ ವಿಂಗಡಣೆಯನ್ನ ಸ್ನೇಹಿತರ ಮುಂದೆ ಇಟ್ಟಾಗ ಎರಡು ಆಕ್ಷೇಪ ಬಂದವು. ಎರಡೂ ಗಟ್ಟಿಯಾದವು.

ಮೊದಲನೆಯದು ನನ್ನ ಸಹೋದ್ಯೋಗಿಯೊಬ್ಬಳದ್ದು. ಅವಳೂ ಗಾಡಿ ಓಡಿಸ್ತಾಳೆ, ಒಬ್ಬಳೇ ಟ್ರಿಪ್ ಹೋಗ್ತಾಳೆ. ನನ್ನ 'ಅನಗತ್ಯ' ಪಟ್ಟಿಯಲ್ಲಿ ಟಾಯ್ಲೆಟ್ ಟೆಂಟ್ ಇತ್ತು. ಅವಳು ನಕ್ಕಳು. "ನಿಂಗೇನಪ್ಪ, ಎಲ್ಲಿ ಬೇಕಾದ್ರೂ ಗಾಡಿ ನಿಲ್ಲಿಸಿ ಇಳಿದು ಹೋಗ್ತೀಯ. ನಾನು ಬೆಳಗ್ಗೆಯಿಂದ ನೀರು ಕುಡಿಯದೆ ಗಾಡಿ ಓಡಿಸಿದೀನಿ, ಗೊತ್ತಾ?" ಅಂದಳು. ಗಾಡಿಯ ಸುತ್ತ ಬೆಳಕು, ಒಳಗಿಂದಲೇ ಹಾಕಿಕೊಳ್ಳೋ ಪರದೆ, ಚಾರ್ಜ್ ಇರೋ ಬ್ಯಾಟರಿ, ಇವೆಲ್ಲ ನನಗೆ ಆಡಂಬರವಾಗಿ ಕಂಡಿದ್ದು ನಾನು ಗಂಡಸಾಗಿರೋದರಿಂದ. 'ಬೇಕು' ಮತ್ತು 'ಶೋಕಿ' ನಡುವಿನ ಗೆರೆಯನ್ನ ಎಲ್ಲರ ಪರವಾಗಿ ನಾನೇ ಎಳೆಯೋಕೆ ಹೋಗಿದ್ದೆ. ಹಾಗಾಗಿ ಈ ಪರೀಕ್ಷೆಯನ್ನ ಪ್ರತಿಯೊಬ್ಬರೂ ಅವರವರ ಡಿಕ್ಕಿಗೆ ಮಾತ್ರ ಮಾಡ್ಕೊಬೇಕು. ಬೇರೆಯವರ ಡಿಕ್ಕಿ ನೋಡಿ ತೀರ್ಪು ಕೊಡೋ ಕೆಲಸ ಬೇಡ.

ಎರಡನೆಯದು ಕೇರಳದವನಾದ ಒಬ್ಬ ಗೆಳೆಯನದ್ದು. 2018ರ ಆಗಸ್ಟ್‌ನಲ್ಲಿ ಅಲ್ಲಿ ಪ್ರವಾಹ ಬಂದಾಗ ಆಫ್‌ರೋಡ್ ಕ್ಲಬ್ಬುಗಳ ಹುಡುಗರು ಎತ್ತರಿಸಿದ, ಸ್ನಾರ್ಕೆಲ್ ಹಾಕಿದ ಗಾಡಿಗಳನ್ನ ತಗೊಂಡು ಮಾಮೂಲಿ ವಾಹನ ಹೋಗಲಾಗದ ಕಡೆ ನೀರಲ್ಲಿ ಇಳಿದು ಜನರನ್ನ ಕರ್ಕೊಂಡು ಬಂದರು. ಮೊದಲು ದಂಡ ಹಾಕಿಸಿಕೊಂಡ ಗಾಡಿಗಳೇ ಆಗ ಉಪಯೋಗಕ್ಕೆ ಬಂದವು ಅಂತ ಅವನು ಹೇಳಿದ. "ನಿನ್ನ ಎರಡನೇ ಗುಂಪಿನ ಸಾಮಾನು ಕಣೋ ಅವೆಲ್ಲ" ಅಂದ.

ಒಪ್ಪಿದೆ. ಅದೇ ಸ್ನಾರ್ಕೆಲ್ ಹೊಳೆ ದಾಟೋ ವಿಡಿಯೋಗೂ ಆಗತ್ತೆ, ಮುಳುಗಿದ ಮನೆಯಿಂದ ಒಬ್ಬ ಅಜ್ಜಿಯನ್ನ ತರೋಕೂ ಆಗತ್ತೆ. ವಸ್ತುವಿನ ಮೇಲೆ ಒಳ್ಳೇದು ಕೆಟ್ಟದ್ದು ಅಂತ ಚೀಟಿ ಅಂಟಿಸೋಕೆ ಆಗಲ್ಲ. ಆದ್ರೆ ಆ ಹುಡುಗರು ಅವತ್ತು ಹೋದದ್ದು ಅವರನ್ನ ಕರೆದ ಕಡೆಗೆ. ಎಲ್ಲಿ ಅವರ ಗಾಡಿ ಬೇಕಿತ್ತೋ ಅಲ್ಲಿಗೆ. ನಾನು ಆ ಗದ್ದೆ ಬದುವಿನ ಮೇಲೆ ಹೋಗಿದ್ದು ಯಾರೂ ಕರೆದಿದ್ದಕ್ಕಲ್ಲ, ನನ್ನ ಗಾಡಿಗೆ ಆಗತ್ತೆ ಅನ್ನೋದಕ್ಕೆ.

ಇಲ್ಲೇ ನಾನು ಎಡವಿದ್ದು ಅನಿಸತ್ತೆ. ತತ್ವಶಾಸ್ತ್ರದಲ್ಲಿ ಕಾಂಟ್ ಹೆಸರಿನ ಜೊತೆ ಸೇರಿಕೊಂಡಿರುವ ಒಂದು ವಿಚಾರ ಇದೆ. ಒಂದು ಕೆಲಸವನ್ನ 'ಮಾಡಲೇಬೇಕು' ಅಂತ ಒಬ್ಬನಿಗೆ ಹೇಳಬೇಕಾದ್ರೆ ಅದು ಅವನಿಂದ ಆಗುವಂಥದ್ದಾಗಿರಬೇಕು. ಈಜು ಬರದವನಿಗೆ ನದಿಗೆ ಹಾರಿ ಇನ್ನೊಬ್ಬನನ್ನ ಉಳಿಸು ಅನ್ನೋಕಾಗಲ್ಲ. ಇದು ಸರಿ. ಆದ್ರೆ ನಾವು ಇದನ್ನ ತಿರುಗಿಸಿ ಹಾಕ್ಕೊಂಡಿದೀವಿ. ಆಗತ್ತೆ, ಆದ್ದರಿಂದ ಮಾಡಬಹುದು. ಗಾಡಿ ಹತ್ತತ್ತೆ, ಆದ್ದರಿಂದ ಹತ್ತಿಸಬಹುದು. ಮೊದಲನೇ ವಾಕ್ಯದಿಂದ ಎರಡನೆಯದು ಯಾವ ದಾರಿಯಲ್ಲೂ ಬರಲ್ಲ. ಗಾಡಿ ಜಾಹೀರಾತುಗಳು ಮಾತ್ರ ಅದನ್ನ ಸಲೀಸಾಗಿ ದಾಟಿಸಿಬಿಡ್ತವೆ.

ನಮ್ಮ ಘಟ್ಟದ ಮೇಲಿನ ಹುಲ್ಲುಗಾವಲುಗಳನ್ನ ನೋಡಿ. ಬಾಬಾಬುಡನ್‌ಗಿರಿ, ಕುದುರೆಮುಖ, ಕೊಡಗಿನ ಮಾಂದಲಪಟ್ಟಿ. ಮೇಲೆ ಹುಲ್ಲು, ಕಣಿವೆಯ ಮಡಿಲಲ್ಲಿ ಶೋಲಾ ಕಾಡು. ಮಳೆನೀರನ್ನ ಸ್ಪಂಜಿನ ಹಾಗೆ ಹೀರಿ ನಿಧಾನಕ್ಕೆ ಬಿಡೋ ನೆಲ ಅದು. ತುಂಗಾ, ಭದ್ರಾ, ನೇತ್ರಾವತಿ ಹುಟ್ಟೋದು ಕುದುರೆಮುಖದ ಸೀಮೆಯಲ್ಲೇ. ಆ ಹುಲ್ಲಿನ ಮೇಲೆ ಚಕ್ರ ಹೋದ್ರೆ ಮಣ್ಣು ಗಟ್ಟಿಯಾಗತ್ತೆ, ಹುಲ್ಲು ಕಿತ್ತುಹೋಗತ್ತೆ, ಮುಂದಿನ ಮಳೆಯಲ್ಲಿ ಚಕ್ರದ ಗುರುತೇ ನೀರು ಹರಿಯೋ ಕಾಲುವೆ ಆಗತ್ತೆ. ಆಮೇಲೆ ಬರೋ ಗಾಡಿಯವನು ಕೊರಕಲು ತಪ್ಪಿಸೋಕೆ ಪಕ್ಕದ ಹುಲ್ಲಿನ ಮೇಲೆ ಹೋಗ್ತಾನೆ. ಹಾಗೇ ದಾರಿ ಅಗಲ ಆಗ್ತಾ ಹೋಗತ್ತೆ. ರಾಷ್ಟ್ರೀಯ ಉದ್ಯಾನ, ಅಭಯಾರಣ್ಯಗಳ ಒಳಗೆ ಅನುಮತಿ ಇಲ್ಲದೆ ಹೋಗೋದು 1972ರ ವನ್ಯಜೀವಿ ಕಾಯ್ದೆಯ ಪ್ರಕಾರ ಅಪರಾಧ. ಆದ್ರೆ ಕಾಯ್ದೆ ಮುಟ್ಟದ ಹುಲ್ಲುಗುಡ್ಡಗಳೂ ಬೇಕಾದಷ್ಟಿವೆ. ಅಲ್ಲಿ ನಮ್ಮನ್ನ ತಡೆಯೋದು ನಾವೇ.

"ನನ್ನದೊಂದು ಗಾಡಿಯಿಂದ ಏನಾಗತ್ತೆ?" ನಿಜ, ಒಂದರಿಂದ ಕಣ್ಣಿಗೆ ಕಾಣುವಂಥದ್ದು ಏನೂ ಆಗಲ್ಲ. ಸಿಲ್ಕ್ ಬೋರ್ಡ್ ಜಂಕ್ಷನ್ನಿನಲ್ಲಿ ನಿಂತಿರೋ ಪ್ರತಿಯೊಬ್ಬನೂ ಇದನ್ನೇ ಹೇಳಬಹುದು. ಬೆಂಗಳೂರಿನವರಿಗೆ ಈ ವಾದದ ಪೊಳ್ಳುತನವನ್ನ ಬಿಡಿಸಿ ಹೇಳೋ ಅಗತ್ಯ ಇಲ್ಲ, ದಿನಾ ಎರಡು ಗಂಟೆ ಅದರೊಳಗೇ ಕೂತಿರ್ತೀವಿ.

ಮಾಂದಲಪಟ್ಟಿಗೆ ಊರಿನ ಜೀಪಿನವರು ಬಾಡಿಗೆಗೆ ಕರ್ಕೊಂಡು ಹೋಗ್ತಾರೆ. ಮೊದಲೆಲ್ಲ "ನನ್ನ ಹತ್ರನೇ ಫೋರ್ ಬೈ ಫೋರ್ ಇದೆ, ಬಾಡಿಗೆ ಯಾಕೆ" ಅಂತಿದ್ದೆ. ಈಗ ಕೆಳಗೇ ಗಾಡಿ ನಿಲ್ಲಿಸಿ ಅವರ ಜೀಪಲ್ಲಿ ಕೂತು ಹೋಗ್ತೀನಿ. ಅವರ ಚಕ್ರವೂ ನೆಲ ಸವೆಸತ್ತೆ, ಇಲ್ಲ ಅನ್ನಲ್ಲ. ಆದ್ರೆ ಅಷ್ಟು ಹೊತ್ತಿಗೆ ಒಂದು ಗಾಡಿ ಕಡಿಮೆ ಆಯ್ತು, ಒಂದು ಮನೆಗೆ ದುಡಿಮೆ ಆಯ್ತು. ಸ್ಟೀರಿಂಗ್ ಹಿಡಿಯೋ ಖುಷಿ ಹೋಗತ್ತೆ. ಅದು ಸಣ್ಣ ಖುಷಿ ಅಂತ ಸುಳ್ಳು ಹೇಳಲ್ಲ.

*

ಮೂರು ವಾರ ಆದ ಮೇಲೆ ಒಂದು ಭಾನುವಾರ ನಾನೊಬ್ಬನೇ ಆ ಗದ್ದೆಯವರನ್ನ ಹುಡುಕಿಕೊಂಡು ಹೋದೆ. ತಲೆ ಮೇಲಿನ ಟೆಂಟು, ರ‍್ಯಾಕು ಬಿಚ್ಚಿಟ್ಟು, ಹಿಂದಿನ ಸೀಟು ಮಡಚಿ, ಒಂದು ಗುದ್ದಲಿ ಮತ್ತು ಎರಡು ಬಾಣಲಿ ಹಾಕ್ಕೊಂಡು. ಬದು ಕಟ್ಟಿಕೊಡಣ ಅಂತ. ನೂರು ಸಲ ಮನಸ್ಸಲ್ಲೇ ಆ ದೃಶ್ಯ ಕಲ್ಪಿಸಿಕೊಂಡಿದ್ದೆ.

ಬದು ಆವತ್ತೇ ರಾತ್ರಿ ಕಟ್ಟಿಯಾಗಿತ್ತು. ಹಾಳಾದ ಸಸಿಯ ಬದಲು ಪಕ್ಕದವರ ಹತ್ರ ಸಸಿ ತಂದು ನಾಟಿ ಕೂಡ ಮುಗಿದಿತ್ತು. ಗದ್ದೆ ಹಸಿರಾಗಿತ್ತು. ನನಗೆ ಮಾಡೋಕೆ ಏನೂ ಉಳಿದಿರಲಿಲ್ಲ. ಹೋಗಿ ಕ್ಷಮೆ ಕೇಳಿದೆ. "ಅದಾ? ಆಯ್ತಲ್ಲ ಬಿಡಿ" ಅಂದರು. ನಾನು ಮೂರು ವಾರ ನಿದ್ದೆಗೆಟ್ಟು ಹೊತ್ತಿದ್ದ ತಪ್ಪನ್ನ ಅವರು ಒಂದೇ ರಾತ್ರಿ ಮಳೆಯಲ್ಲಿ ನಿಂತು ಸರಿಮಾಡಿ ಮರೆತಿದ್ದರು. ಸಮಯಕ್ಕೆ ಆಗದ ಸಹಾಯವನ್ನ ಆಮೇಲೆ ಕೊಡೋಕೆ ಹೋದ್ರೆ ಅದು ಬಹುಮಟ್ಟಿಗೆ ನಮ್ಮ ಸಮಾಧಾನಕ್ಕೇ ಆಗಿರತ್ತೆ ಅಂತ ಅವತ್ತು ಗೊತ್ತಾಯ್ತು.

ಕಾಫಿ ಕೊಟ್ಟರು. ಕುಡಿದು ಏಳುವಾಗ ಗಾಡಿಯ ಹಿಂಭಾಗ ಇಣುಕಿ ನೋಡಿ ಕೇಳಿದರು. "ಖಾಲಿ ಉಂಟಲ್ಲ. ಮೂರು ಮೂಟೆ ಗೊಬ್ಬರ ಮೇಲಿನ ತೋಟಕ್ಕೆ ಹೋಗ್ಬೇಕಿತ್ತು. ನಿಮ್ಮ ಗಾಡಿ ಹತ್ತತ್ತಾ?"

ಮೂಟೆಗೆ 50 ಕೆ.ಜಿ., ಮೂರಕ್ಕೆ 150. ನಾವಿಬ್ಬರು ಸೇರಿ 140. ಒಟ್ಟು 290, ಮಿತಿ 345. ಮನಸ್ಸಲ್ಲೇ ಲೆಕ್ಕ ಹಾಕಿ "ಹತ್ತತ್ತೆ" ಅಂದೆ. ಈ ಸಲ ಟೈರಿನ ಗಾಳಿ ಇಳಿಸಿಕೊಂಡೆ. ಮೂಟೆ ಜಾರದ ಹಾಗೆ ಬೆಲ್ಟ್ ಬಿಗಿದೆ. ಅವರೇ ಪಕ್ಕದಲ್ಲಿ ಕೂತು ದಾರಿ ಹೇಳಿದರು. "ಬಲಕ್ಕೆ ಬೇಡ, ಅಲ್ಲಿ ಬಸಿಗಾಲುವೆ ಉಂಟು. ಇಲ್ಲಿ ಕಲ್ಲಿನ ಮೇಲೇ ಹೋಗಿ." ಲೋ ಗೇರಲ್ಲಿ ಗಾಡಿ ಆಮೆಯ ಹಾಗೆ ಹತ್ತಿತು. ಒಂದೂವರೆ ಕಿಲೋಮೀಟರ್ ಇರಬಹುದು. ಗಾಡಿ ತಗೊಂಡ ಮೇಲೆ ನಾನು ಹೋದ ದಾರಿಗಳಲ್ಲಿ "ಎಂತಕ್ಕೆ ಬಂದ್ರಿ" ಅಂತ ಯಾರಾದ್ರೂ ಕೇಳಿದ್ರೆ ಥಟ್ಟಂತ ಉತ್ತರ ಹೇಳಬಹುದಾದ ದಾರಿ ಅದೊಂದೇ.

ಇದರಿಂದ ನಾನೇನೋ ಸುಧಾರಿಸಿಬಿಟ್ಟೆ ಅಂತ ತಿಳ್ಕೊಬೇಡಿ. ತೇಜಸ್ವಿಯವರನ್ನ ಓದಿ ಕಾಡಿನ ಹುಚ್ಚು ಹತ್ತಿಸಿಕೊಂಡವರಲ್ಲಿ ನಾನೂ ಒಬ್ಬ. ಆ ಹುಚ್ಚು ಇಳಿದಿಲ್ಲ, ಇಳಿಯೋದೂ ಬೇಡ. ಈಗಲೂ ತಿಂಗಳಿಗೊಮ್ಮೆ ಹೋಗ್ತೀನಿ. ಟೆಂಟ್ ಈಗ ನೆಲದ ಮೇಲೆ ಹಾಕುವ ನಾಲ್ಕು ಕೆ.ಜಿ.ಯದ್ದು. ಫ್ರಿಜ್ ಮಾರಿದೆ. ಡಿಕ್ಕಿಯಲ್ಲಿ ಗುದ್ದಲಿ, ನಾಲ್ಕು ಗೋಣಿಚೀಲ, ಕಂಪ್ರೆಸರ್, ಹಗ್ಗ, ಫಸ್ಟ್ ಏಡ್, ನೀರು, ಕಸದ ಚೀಲ ಇವೆ. ಎರಡು ಕುರ್ಚಿಗಳೂ ಇವೆ, ಅದು ನನ್ನ ಸುಖಕ್ಕೆ, ಯಾವ ಸಮರ್ಥನೆಯೂ ಇಲ್ಲ. ಒಬ್ಬರು ಕೂರುವಷ್ಟು ಜಾಗ, ಇಲ್ಲಾ ಎರಡು ಮೂಟೆ ಹಿಡಿಸುವಷ್ಟು ಜಾಗ ಖಾಲಿ ಬಿಟ್ಟಿರ್ತೀನಿ. ಮಳೆಯಲ್ಲಿ ಬಸ್ಸಿಗೆ ಕಾಯೋ ಯಾರನ್ನಾದ್ರೂ ಹತ್ತಿಸಿಕೊಳ್ಳೋಕೆ ಅದು ಸಾಕು.

ವಿಂಚ್ ಇನ್ನೂ ಕಾರ್ಟ್‌ನಲ್ಲೇ ಇದೆ. ಡಿಸ್ಕೌಂಟ್ ಬಂದಾಗ ಒಮ್ಮೊಮ್ಮೆ ತೆಗೆದು ನೋಡ್ತೀನಿ. ಎಂತಕ್ಕೆ ಅಂತ ಕೇಳ್ಕೊಳ್ತೀನಿ. ಇಲ್ಲಿಯವರೆಗೆ ಉತ್ತರ ಸಿಕ್ಕಿಲ್ಲ.

ಗೊಬ್ಬರದ ವಾಸನೆ ಮಾತ್ರ ಇನ್ನೂ ಪೂರ್ತಿ ಹೋಗಿಲ್ಲ. ಆಫೀಸಿಗೆ ಡ್ರಾಪ್ ತಗೊಳ್ಳೋರು ಬೈತಾರೆ.